ಪಂಕ್ತಿಯಲ್ಲಿ ಕೊನೆಗೆ ಎದ್ದವರು

ದೇವರಾಜ ಅರಸು ಬಡಾವಣೆ, ದಾವಣಗೆರೆ
16-11-1999

ತಂಗಿ ಸರ್ವಮಂಗಳಾ,

"ಸಾವ್ಕಾರ್ರು ಎದ್ದ ಮ್ಯಾಲೇ ನಾವು ಏಳೋದು, ಕೂಡ್ರಿ" ಅಂತ ಕೊಂಡಜ್ಜಿಯ ಮದುವೆಯಲ್ಲಿ ಜನ ಅಪ್ಪನನ್ನು ಹಂಗಿಸಿದ್ದು ನೆನಪಿದೆಯೇ? ಕೊನೆಯವರ ಊಟ ಮುಗಿಯದೆ ಪಂಕ್ತಿ ಏಳುವಂತಿರಲಿಲ್ಲ. ಅಪ್ಪ ತುತ್ತಿಗೊಂದು ಗುಟುಕು ನೀರು ಕುಡಿಯುತ್ತ ಎಲ್ಲರನ್ನೂ ಕಾಯಿಸುತ್ತಿದ್ದರು. ಆಮೇಲೆ ಮದುವೆ ಊಟಕ್ಕೆ ಹೋಗುವುದನ್ನೇ ಬಿಟ್ಟರು. ಜನ ಸೊಕ್ಕು ಎಂದರು, ನಾವೂ ನಂಬಿದೆವು.

ಹೋದ ತಿಂಗಳು ರೊಟ್ಟಿಯ ತುಂಡು ನನ್ನ ಎದೆಯಲ್ಲಿ ಸಿಕ್ಕಿಕೊಂಡಿತು. ಡಾಕ್ಟರು ಕೊಳವೆ ಇಳಿಸಿ, ಅನ್ನನಾಳದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅಲರ್ಜಿಯಿಂದ ಒಳಗೆ ಊದಿಕೊಂಡಿದೆಯಂತೆ. ಹಾಲು, ಗೋಧಿ ಬಿಟ್ಟು ನೋಡಬೇಕು. ದಮ್ಮಿನವರು ಎಳೆದುಕೊಳ್ಳುವ ಸ್ಪ್ರೇ ಕೊಟ್ಟು, "ಎಳಕೋಬ್ಯಾಡ್ರಿ, ಬಾಯಿಗೆ ಹೊಡಕೊಂಡು ನುಂಗ್ರಿ" ಎಂದರು. ವಿಚಿತ್ರವೆಂದರೆ, ಈಗ ರೊಟ್ಟಿ ಇಳಿಯುತ್ತಿದೆ.

"ನಿಮ್ಮನ್ಯಾಗೆ ಇನ್ಯಾರಿಗಾದ್ರೂ ಹಿಂಗೈತೇನ್ರಿ?" ಎಂದೂ ಕೇಳಿದರು. ನಿನ್ನ ಮಗಳು ಪೂಜಾ ಊಟದ ತಟ್ಟೆಯ ಮುಂದೆ ಗಂಟೆಗಟ್ಟಲೆ ಕೂರುತ್ತಾಳೆಂದು ಬೈಯುತ್ತೀಯಲ್ಲ, ಇನ್ನು ಬೈಯಬೇಡ. ಸೋಮವಾರ ಹರಿಹರದಿಂದ ಮೊದಲ ಬಸ್ಸಿಗೆ ಅವಳನ್ನು ಕರೆದುಕೊಂಡು ಬಾ. ಡಾಕ್ಟರು ಅವಳಿಗೂ ಕೊಳವೆ ಇಳಿಸಿ ನೋಡಬಹುದು, ಬೆಳಿಗ್ಗೆ ಏನೂ ತಿನ್ನಿಸಬೇಡ.

ನಿನ್ನ ಅಣ್ಣ,
ರುದ್ರಮುನಿ

ಅಪ್ಪ ಇದ್ದಿದ್ದರೆ ಒಂದೇ ಮಾತು ಕೇಳುತ್ತಿದ್ದೆ: ಅಪ್ಪಾ, ನುಂಗಲಾಗುತ್ತಿಲ್ಲ ಎನ್ನುವುದಕ್ಕಿಂತ ಸೊಕ್ಕಿನವರು ಎನಿಸಿಕೊಳ್ಳುವುದೇ ಮೇಲು ಅನ್ನಿಸಿತ್ತೇ?