ಆ ರೋಟರ್ ಕಿತ್ತವಳು ನಾನು

ಅವ್ವನ ಬೆನ್ನಿಗೆ ಹುಟ್ಟಿದ ನನ್ನ ಮಾವಾ,

ನೀನು ಸದಲಗಾದ ನಮ್ಮ ಮನೆ ಮುಂದೆ ಅಂಬಾಸಿಡರ್ ನಿಲ್ಲಿಸಿದಾಗ ನಾನು ಎಡಗೈಯಲ್ಲೇ ರೊಟ್ಟಿ ಬಡಿಯುತ್ತಿದ್ದೆ. ಎಂಬತ್ತೇಳರ ಬೇಸಿಗೆ, ಸುಡು ಮಧ್ಯಾಹ್ನ. ನನ್ನ ಬಲಗೈ ಮೊಣಕೈವರೆಗೆ ಊದಿ ಕಪ್ಪಾಗಿತ್ತು. ಗಂಡ ಒನಕೆಯಿಂದ ಹೊಡೆದು ಮೂರು ದಿನವಾಗಿತ್ತು. ಬಿದ್ದೆ ಎಂದೆ. ನೀನು ನನ್ನ ಮುಖ ನೋಡಲಿಲ್ಲ, ಕೈಯನ್ನೇ ನೋಡಿದೆ. "ಬಿದ್ದರ ಹಿಂಗ ಮುರಿಯೂದಿಲ್ಲ, ಶಾಂತಾ. ಪೆಟ್ಟಿಗಿ ತುಂಬು. ಅಥಣಿಗೆ ಹೋಗೂಣು."

ನನ್ನ ಗಂಡ ನಿನ್ನ ಕಾಲು ಹಿಡಿದು ಅತ್ತದ್ದು ನೆನಪಿದೆಯೇ? "ತಪ್ಪಾತ್ರಿ ಮಾವಾರ, ಇನ್ನೊಮ್ಮೆ ಕೈ ಎತ್ತಂಗಿಲ್ರಿ." ನೀನು ಕಾಲು ಬಿಡಿಸಿಕೊಂಡು ಚಹಾದ ಕಪ್ಪು ಎತ್ತಿಕೊಂಡೆ. ನಾನು ಮಾತ್ರ ಕರಗಿದೆ. ಅವನ ಅಳು ನಂಬಿದ್ದು ಅದೇ ಮೊದಲಲ್ಲ. ಇವತ್ತೊಂದು ದಿನ ಮಾವ ಇಲ್ಲೇ ಉಳಿದರೆ, ನಾಳೆಗೆ ಇಬ್ಬರೂ ತಣ್ಣಗಾದರೆ, ನನ್ನ ಸಂಸಾರ... ಹಿತ್ತಲ ಬಾಗಿಲಿನಿಂದ ಸುತ್ತಿ ಬಂದು ಬಾನೆಟ್ ಎತ್ತಿದೆ. ಎಂಜಿನ್ನಿನ ಕರೆಂಟು ಹಂಚುವ ಡಬ್ಬಿಯ ಎರಡು ಕ್ಲಿಪ್ಪು ಬಿಚ್ಚಿ, ಒಳಗೆ ತಿರುಗುವ ಹೆಬ್ಬೆರಳಿನಷ್ಟಿರುವ ರೋಟರ್ ಕಿತ್ತು, ಮುಚ್ಚಳ ಮತ್ತೆ ಹಾಕಿದೆ. ಅದಿಲ್ಲದೆ ಕಿಡಿ ಪ್ಲಗ್ಗಿಗೆ ಮುಟ್ಟದು. ಕಿತ್ತದ್ದನ್ನು ಕುಬುಸದೊಳಗೆ ಇಟ್ಟುಕೊಂಡೆ. ಆ ಎಂಜಿನ್ನಿನ ಒಂದೊಂದು ಭಾಗದ ಹೆಸರನ್ನೂ ನನಗೆ ಕಲಿಸಿದವನು ನೀನೇ ಅಲ್ಲವೇ ಮಾವಾ?

ನೀನು ಕೀಲಿ ತಿರುಗಿಸಿದಾಗ ಎಂಜಿನ್ ಗರಗರ ತಿರುಗಿತೇ ಹೊರತು ಹಿಡಿಯಲಿಲ್ಲ. ನನ್ನ ಪೆಟ್ಟಿಗೆ ಹಿಂದಿನ ಸೀಟಿನಲ್ಲಿತ್ತು. ಅವನು ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದ. ಕಣ್ಣೀರು ಒಣಗಿತ್ತು. "ಮೋಟಾರಿಗೂ ಗೊತ್ತೈತ್ರಿ, ಇಕಿ ಹೋಗೂ ಹೆಂಗಸಲ್ಲಂತ," ಎಂದು ನಕ್ಕ. ನೀನು ಇಳಿದು ಬಾನೆಟ್ ಎತ್ತಿದೆ. "ಹಾರ್ನ್ ಹೊಡಿತೈತಿ, ಬ್ಯಾಟರಿ ಛಲೋ ಐತಿ. ಪೆಟ್ರೋಲರ ಬರವಲ್ದು, ಕಿಡಿಯರ ಬರವಲ್ದು." ಕಾರ್ಬ್ಯುರೇಟರಿನ ಪೈಪು ಎಳೆದು ಪಂಪು ಒತ್ತಿದೆ. ಪೆಟ್ರೋಲು ಚಿಮ್ಮಿ ನಿನ್ನ ಅಂಗಿ ತೊಯ್ದಿತು. ಅಷ್ಟರಲ್ಲಿ ಅವನು ಬೀಸಿದ ಮೊದಲ ಕಲ್ಲು ಬಂದು ಮುಂದಿನ ಗಾಜು ಒಡೆಯಿತು.

ನಾನು ಸೀಟಿನಲ್ಲಿ ಕೂತು ಕೀಲಿ ತಿರುಗಿಸಬೇಕಿತ್ತು, ನೀನು ತಂತಿ ಹಿಡಿದು ಕಿಡಿ ನೋಡುತ್ತಿದ್ದೆ. "ಪ್ಲಗ್ಗಿಗೆ ಬರವಲ್ದು. ಕಾಯಿಲದ್ದು ನೋಡೂಣು, ಹೊಡಿ ಸೆಲ್ಫ್." ಕಾಯಿಲಿನ ತಂತಿಯಲ್ಲಿ ನೀಲಿ ಕಿಡಿ ಚಟಚಟ ಎಂದಿತು. ಆಗಲೇ ಅವನು ಬಾಗಿಲು ತೆಗೆದು ನನ್ನ ಜಡೆ ಹಿಡಿದು ಹೊರಗೆ ಎಳೆದ. ಮುರಿದ ಕೈಯ ಮೇಲೆ ಮೊಣಕಾಲೂರಿ ಕೂತು ನನ್ನ ತಲೆಯನ್ನು ನೆಲಕ್ಕೆ ಕುಟ್ಟಿದ. ಒಂದು, ಎರಡು, ಮೂರು... ನೀನು ಕೈಯಲ್ಲಿದ್ದ ಬೋಲ್ಟು ಬಿಚ್ಚುವ ಪಾನಾ ಬೀಸಿ ಒಗೆದೆ. ಅದು ಅವನ ಕಿವಿ ಹರಿಯಿತು. ಅವನು ರಕ್ತ ಒರೆಸಿಕೊಳ್ಳುತ್ತ ಕಬ್ಬು ಕಡಿಯುವ ಕೊಯ್ತಾ ತರಲು ಒಳಗೆ ಓಡಿದ.

ಆ ಗಳಿಗೆಯಲ್ಲೇ ನಾನು ಹೇಳಬಹುದಿತ್ತು. ಬಾಯಿ ತುಂಬ ಮಣ್ಣಿತ್ತು, ರಕ್ತವಿತ್ತು, ಅದು ನೆಪ. ನಿಜವೆಂದರೆ ನಾಚಿಕೆಯಾಯಿತು ಮಾವಾ. ನೀನು ಮುಚ್ಚಳದ ಕ್ಲಿಪ್ಪಿಗೆ ಕೈ ಹಾಕಿದ್ದೆ. "ಕಾಯಿಲ್ ದಾಟೇತಿ ಕರೆಂಟ, ಇನ್ನ ಇಲ್ಲೇ ಐತಿ ನೋಡ..." ಎನ್ನುತ್ತ ಎಡಗೈಯನ್ನು ಮಡ್‌ಗಾರ್ಡಿನ ಮೇಲೆ ಊರಿದ್ದೆ. ಓಡಿಬಂದ ಅವನ ಕೊಯ್ತಾ ಅಲ್ಲಿಗೇ ಬಿತ್ತು. ಎರಡು ಬೆರಳು ತಗಡಿನ ಮೇಲಿಂದ ಜಾರಿ ನನ್ನ ಮುಂದೆ ಬಿದ್ದವು. ನೀನು ಬಲಗೈಯಲ್ಲಿ ಸ್ಟಾರ್ಟಿಂಗ್ ಹ್ಯಾಂಡಲ್ ಎತ್ತಿ ಅವನ ಮೊಣಕಾಲಿಗೆ ಹೊಡೆದೆ. ಎಲುಬು ಮುರಿದ ಸದ್ದು ಕೇಳಿಸಿತು. ಬಿದ್ದವನಿಗೆ ಇನ್ನೊಮ್ಮೆ ಹೊಡೆದೆ, ಮತ್ತೊಮ್ಮೆ. ನಾನು ನಿನ್ನ ಸೊಂಟಕ್ಕೆ ಜೋತುಬಿದ್ದು ತಡೆಯದಿದ್ದರೆ ಅವನು ಅಲ್ಲೇ...

"ರೋಟರ್ ಇಲ್ಲ," ಎಂದೆ ನೀನು, ಮುಚ್ಚಳ ಬಿಚ್ಚಿ. ನಾನು ಬೆನ್ನು ತಿರುಗಿಸಿ ಕುಬುಸದಿಂದ ತೆಗೆದು ಕೊಟ್ಟೆ. "ಎಲ್ಲಿತ್ತು?" "ಇಲ್ಲೇ ಬಿದ್ದಿತ್ತು." ಅದು ನನ್ನ ಮೈಯ ಬೆವರಿಗೆ ತೊಯ್ದಿತ್ತು, ಬೆಚ್ಚಗಿತ್ತು. ನಿನ್ನ ಬೆರಳಿಗೆ ಅದು ತಿಳಿಯಲಿಲ್ಲವೇ? ನೀನು ನನ್ನನ್ನು ಒಂದು ಕ್ಷಣ ನೋಡಿದೆ. ರೋಟರ್ ಕೂರಿಸಿ, ಧೋತರದ ಚುಂಗು ಹರಿದು ಕೈಗೆ ಸುತ್ತಿ, ಕೀಲಿ ತಿರುಗಿಸಿದೆ. ಮೊದಲ ಸಲಕ್ಕೇ ಎಂಜಿನ್ ಹಿಡಿಯಿತು. ಚಿಕ್ಕೋಡಿಯ ದವಾಖಾನೆ ಮುಟ್ಟುವವರೆಗೆ ನಿನ್ನ ರಕ್ತ ಗೇರಿನ ಕೋಲಿನಿಂದ ನನ್ನ ಸೀರೆಗೆ ತೊಟ್ಟಿಕ್ಕುತ್ತಲೇ ಇತ್ತು.

ಪೊಲೀಸ್ ಫೌಜದಾರನ ಮುಂದೆ ನೀನು ಹೇಳಿದ್ದೂ ನನ್ನ ಕಿವಿಯಲ್ಲಿದೆ. "ರೋಟರ್ ಅಳಿಯಾನ ಕಿತ್ತಿದ್ನರಿ, ನಾವು ಹೋಗಬಾರದಂತ." ಹನ್ನೊಂದು ವರ್ಷ ಎಲ್ಲರಿಗೂ ಅದನ್ನೇ ಹೇಳಿದೆ. ಆ ಕೈಯಲ್ಲಿ ಗೇರು ಹಾಕಲಾಗದೆ ಕಾರು ಮಾರಿದೆ, ಪರರ ಗೋದಾಮು ಕಾದೆ. ದಿನಾ ಬೆಳಿಗ್ಗೆ ಸುಮನತ್ತೆ ನಿನ್ನ ಅಂಗಿಯ ಗುಂಡಿ ಹಾಕಿಕೊಡುವಾಗ ಅಥಣಿಯ ನಿಮ್ಮ ಮನೆಯಲ್ಲೇ ಉಳಿದ ನಾನು ಪಕ್ಕದ ಕೋಣೆಯಲ್ಲಿ ಹೊಲಿಗೆ ಮಷಿನ್ ಜೋರಾಗಿ ತುಳಿಯುತ್ತಿದ್ದೆ. ನೀನು ನಿಜವಾಗಿ ಅದನ್ನೇ ನಂಬಿದ್ದೆಯಾ? ಅಥವಾ ನನಗಾಗಿ... ಕೇಳುವ ಧೈರ್ಯ ಬರುವ ಮುಂಚೆಯೇ ನೀನು ಹೋಗಿಬಿಟ್ಟೆ.

ನಿನಗೆ ಗೊತ್ತಿಲ್ಲದ ಸುದ್ದಿ ಇದು. ನಿನ್ನ ತಿಂಗಳ ಪೂಜೆ ಮುಗಿದ ಮೇಲೆ ಅತ್ತೆಗೆ ಎಲ್ಲವನ್ನೂ ಹೇಳಿದೆ. ಅತ್ತೆ ನನ್ನ ಕೆನ್ನೆಗೆ ಬಾರಿಸಿದಳು. ಬಿದ್ದ ಮೇಲೂ ಹೊಡೆದಳು, ಕೈ ಸೋಲುವವರೆಗೆ. ಆಮೇಲೆ ಮಷಿನ್ನನ್ನು ಅಂಗಳಕ್ಕೆ ಎಳೆದುಹಾಕಿದಳು. "ಅವಾ ನನ್ನ ಗಂಡಾಗಿದ್ದಾ. ಬರೇ ನಿನ್ನ ಮಾವ ಅನ್ಕೊಂಡಿದ್ದೇನ? ಹೋಗ." ಈಗ ಓಣಿಯ ತುದಿಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ದಿನಾ ಮುಂಜಾನೆ ನಿನ್ನ ಮನೆಯ ಮುಂದಿನ ಕಟ್ಟೆಗೆ ಹೋಗಿ ಕೂರುತ್ತೇನೆ. ಅತ್ತೆ ಬಾಗಿಲು ತೆರೆಯುತ್ತಾಳೆ, ನೋಡುತ್ತಾಳೆ, ಹಾಕಿಕೊಳ್ಳುತ್ತಾಳೆ. ನಾಳೆಯೂ ಹೋಗುತ್ತೇನೆ ಮಾವಾ. ಬಯ್ಯಲಿ, ಹೊಡೆಯಲಿ. ಇನ್ನು ಆ ಮನೆಯ ಹೊಸ್ತಿಲನ್ನು ಸುಳ್ಳಿನ ಮೇಲೆ ಕಾಲಿಟ್ಟು ದಾಟುವುದಿಲ್ಲ.

ನಿನ್ನ
ಶಾಂತಾ