ಸೂಟ್‌ಕೇಸ್ ಎತ್ತಿದಳೋ ಇಲ್ಲವೋ

ಚನ್ನರಾಯಪಟ್ಟಣ
10 ಫೆಬ್ರವರಿ 2025

ಚಿರಂಜೀವಿ ಅತಿಶಯ್‌ಗೆ ಅಮ್ಮನ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ, ಮಂಡಿನೋವು ಅದರ ಪಾಡಿಗೆ ಅದಿದೆ. ನೀನು ಕೇಳಿ ಎರಡು ವಾರವಾಯಿತು, ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ನೀನು “ಬರ್ತಾಳೋ ಇಲ್ವೋ, ಒಂದೇ ಮಾತಲ್ಲಿ ಹೇಳು” ಅಂತೀಯ. ಒಂದೇ ಮಾತಲ್ಲಿ ಹೇಳುವುದು ನನ್ನ ಜಾಯಮಾನವಲ್ಲ. ಕಾಗದವಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ನೀನು ಕೈ ಮಾಡಿದ ಮೇಲೆ ಪ್ರಾರ್ಥನಾ ಹಾಸನದ ತವರಿಗೆ ಹೋಗಿ ಹನ್ನೊಂದು ತಿಂಗಳು. ನೀನು ದಾವಣಗೆರೆಗೆ ವರ್ಗ ಮಾಡಿಸಿಕೊಂಡು ಹೊರಟುಹೋದೆ. ಗಂಡ ಹೆಂಡತಿಗೆ ಮಾತಿಲ್ಲ, ಅತ್ತೆ ಸೊಸೆ ಮಾತ್ರ ತಿಂಗಳಿಗೆರಡು ಭಾನುವಾರ ಜೊತೆಗೆ ಸಿನಿಮಾ ನೋಡ್ತಾರೆ ಅಂತ ಬೀದಿಯವರಿಗೆಲ್ಲ ನಗು. ನಗಲಿ. ಕರೆದದ್ದು ಅವಳೇ. “ಅತ್ತೆ, ಹಾಸನಕ್ಕೆ ಬೆಳಗಿನ ಆಟಕ್ಕೆ ಬನ್ನಿ. ಊಟದ ಚಿಂತೆ ಇಲ್ಲದೆ ಕೊನೇವರೆಗೂ ಕೂತ್ಕೋಬಹುದು” ಅಂದಳು.

ನಿನಗೆ ಗೊತ್ತಲ್ಲ, ನಿಮ್ಮಪ್ಪ ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಿದ್ದದ್ದು ಮ್ಯಾಟಿನಿಗೆ. ಇನ್ನೇನು ಫೈಟಿಂಗ್ ಶುರುವಾಗಬೇಕು, “ಏಳು, ಜೈನರ ಮನೇಲಿ ಹೊತ್ತು ಮುಳುಗೋಕೆ ಮುಂಚೆ ಊಟ ಆಗ್ಬೇಕು” ಅಂತ ಎಬ್ಬಿಸಿಬಿಡೋರು. ಮೂವತ್ತು ವರ್ಷದ ಸಂಸಾರದಲ್ಲಿ ಒಂದೇ ಒಂದು ಸಿನಿಮಾದ ಕೊನೆ ನೋಡಲಿಲ್ಲ. ಮಾರನೆಯ ದಿನ ನಲ್ಲಿ ಹತ್ತಿರ ಪಕ್ಕದ ಮನೆ ಕಮಲಾಕ್ಷಮ್ಮ ಹೇಳಬೇಕು, ನಾನು ಕೇಳಬೇಕು. ಅವಳ ಬಾಯಲ್ಲಿ ಎಲ್ಲ ಸಿನಿಮಾದಲ್ಲೂ ಗಂಡ ಹೆಂಡತಿ ಒಂದಾಗುತ್ತಿದ್ದರು.

ಈಗ ಕೊನೆಯವರೆಗೂ ಕೂತರೆ, ಈ ಕಾಲದ ಸಿನಿಮಾಗಳಿಗೆ ಕೊನೆಯೇ ಇಲ್ಲ ಕಣಪ್ಪ! ಸಂಕ್ರಾಂತಿ ಕಳೆದ ಮೇಲೆ ಒಂದು ನೋಡಿದೆವು. ಹೊಳೆಗೆ ಬಿದ್ದ ಅಣ್ಣನನ್ನು ಹುಡುಕಿಕೊಂಡು ತಮ್ಮನೂ ನೀರಿಗಿಳಿಯುತ್ತಾನೆ. ಮೇಲೆ ಎರಡು ಗುಳ್ಳೆ ಬರುತ್ತವೆ, ಅಷ್ಟೇ. ಆ ಸಲ ಕಮಲಾಕ್ಷಮ್ಮನೂ ಬಂದಿದ್ದಳು. “ಇದೇನವ್ವ, ಸತ್ನೋ ಬದುಕವ್ನೋ ಏಳ್ದೆ ಲೈಟ್ ಆಕ್ಬುಟ್ರಲ್ಲ! ಬಸ್ಸಲ್ಲಿ ಇಲ್ಲಿಗಂಟ ನಿಂತ್ಕಂಡು ಬಂದಿದ್ದು ಇದ್ಕಾ?” ಅಂತ ಗೇಟಿನವನನ್ನೇ ತರಾಟೆಗೆ ತೆಗೆದುಕೊಂಡಳು. ಅವನು “ನಂಗೂ ಗೊತ್ತಿಲ್ಲ ಕಣಮ್ಮೋ” ಅಂದ. ಇಬ್ಬರೂ ಬದುಕಿದರು ಅಂತ ಕಮಲಾಕ್ಷಮ್ಮ ಬಸ್ಸಿನಲ್ಲಿ ತಾನೇ ತೀರ್ಮಾನ ಮಾಡಿದಳು. ನನಗೆ ಹಾಗೆ ಅನಿಸಲಿಲ್ಲ.

ನಿನ್ನೆ ನಾವಿಬ್ಬರೇ. ಗಂಡನನ್ನು ಬಿಟ್ಟುಹೋದವಳು ಎರಡು ವರ್ಷದ ಮೇಲೆ ಸೂಟ್‌ಕೇಸ್ ಹಿಡಿದು ಬರುತ್ತಾಳೆ. ಗಂಡ ಬಾಗಿಲು ತೆಗೆದು ಪಕ್ಕಕ್ಕೆ ಸರಿಯುತ್ತಾನೆ. ಅವಳು ಸೂಟ್‌ಕೇಸನ್ನು ಹೊಸ್ತಿಲಾಚೆ ಇಟ್ಟು ನಿಂತುಕೊಳ್ಳುತ್ತಾಳೆ. ಎತ್ತಿಕೊಂಡು ಒಳಗೆ ಬಂದಳೋ, ತಿರುಗಿ ಹೋದಳೋ, ತೋರಿಸಲಿಲ್ಲ. ನಾನು ಮನಸ್ಸಿನಲ್ಲೇ, ನಿನ್ನ ವಿಷಯ ಎತ್ತಲು ಇದೇ ಒಳ್ಳೆಯ ಹೊತ್ತು ಅಂದುಕೊಂಡೆ.

ಬಸ್ ಸ್ಟ್ಯಾಂಡ್ ಹತ್ತಿರ ಹೋಟೆಲಿಗೆ ಹೋದೆವು. ನಾನು ಬಾಯಿ ತೆರೆಯುವ ಮೊದಲೇ “ಇವರಿಗೆ ಖಾಲಿ ದೋಸೆ, ಆಲೂಗಡ್ಡೆ ಪಲ್ಯ ಬೇಡ” ಅಂತ ಪ್ರಾರ್ಥನಾ ಹೇಳಿದಳು. ನಾನು ಗಡ್ಡೆ ತಿನ್ನಲ್ಲ ಅನ್ನೋದನ್ನು ಈಗಲೂ ಮರೆತಿಲ್ಲ.

“ಒಳಗೆ ಹೋಗ್ತಾಳೆ ಬಿಡು. ಅಷ್ಟು ದೂರದಿಂದ ಬಂದೋಳು ಬಾಗಿಲಿಂದ ವಾಪಸ್ ಹೋಗ್ತಾಳಾ?” ಅಂದೆ.

“ನೀವು ಸೂಟ್‌ಕೇಸ್ ನೋಡ್ತಿದ್ರಿ ಅತ್ತೆ. ನಾನು ಅವನ ಮುಖ ನೋಡ್ತಿದ್ದೆ. ತಪ್ಪಾಯ್ತು ಅಂತ ಒಂದು ಮಾತಾಡಿದ್ನಾ?”

“ಪಕ್ಕಕ್ಕೆ ಸರಿದು ದಾರಿ ಬಿಟ್ಟನಲ್ಲ.”

“ದಾರಿ ಬಿಟ್ರೆ ತಪ್ಪೊಪ್ಪಿಕೊಂಡ ಹಾಗಾ?”

ಇನ್ನು ಸುತ್ತಿ ಬಳಸಿ ಮಾತಾಡಿ ಪ್ರಯೋಜನವಿಲ್ಲ ಅನಿಸಿ, “ಅತಿಶಯ್ ಕೇಳ್ತಿದ್ದಾನೆ. ನೀನು ಬರ್ತೀಯಾ?” ಅಂದೆ.

“ಇಲ್ಲ ಅತ್ತೆ, ಬರಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳ್ಬೇಡಿ. ಹೀಗೇ ಹೇಳಿಬಿಡಿ.”

ಹೇಳಿದ್ದೇನೆ. ಅವಳು ಅಳಲೂ ಇಲ್ಲ, ನಿನ್ನನ್ನು ಬಯ್ಯಲೂ ಇಲ್ಲ. ಸಾಂಬಾರಿಗೆ ಉಪ್ಪು ಜಾಸ್ತಿಯಾಗಿದೆ ಅಂದಳು, ಆಗಿತ್ತು.

ಅವಳಿಗೆ ಒಂದು ಕಾಗದ ಬರೆ. ವಾಪಸ್ ಬರಲಿ ಅಂತಲ್ಲ. ತಪ್ಪು ಮಾಡಿದವರು ಒಪ್ಪಿಕೊಳ್ಳಬೇಕು, ಅದಕ್ಕೆ. ಹೋಟೆಲ್ ಊಟ ಕಡಿಮೆ ಮಾಡು. ನಿನಗೆ ಒಳ್ಳೆಯ ಬುದ್ಧಿ, ಒಳ್ಳೆಯ ಆರೋಗ್ಯ ಎರಡೂ ಬರಲಿ.

ನಿನ್ನ ಅಮ್ಮ,
ಜಿನಮ್ಮ

ಮರೆತ ಮಾತು: ಮರೆತದ್ದೇನಲ್ಲ, ಬರೆಯಲು ಕೈ ಬರಲಿಲ್ಲ. ಕಾಫಿ ಬಂದಮೇಲೆ ಅವಳು ಒಂದೇ ಪ್ರಶ್ನೆ ಕೇಳಿದಳು: “ಆವತ್ತು ಮಿಕ್ಸಿ ಯಾಕೆ ಹಾಕಿದ್ರಿ ಅತ್ತೆ?” ನಾನು ಮಹಡಿ ಮೇಲೆ ಹಪ್ಪಳ ಒಣಗಿಸುತ್ತಿದ್ದೆ, ಏನೂ ಕೇಳಿಸಲಿಲ್ಲ ಅಂತ ನಿನಗೂ ಬೀಗರಿಗೂ ಹೇಳಿಕೊಂಡು ಬಂದಿದ್ದೇನೆ. ಸುಳ್ಳು. ಅಡುಗೆಮನೆಯಲ್ಲೇ ಇದ್ದೆ. ಮೊದಲನೆಯ ಏಟು ಕೇಳಿಸಿತು. ಅವಳು “ಅತ್ತೇ” ಅಂತ ಕೂಗಿದ್ದೂ ಕೇಳಿಸಿತು. ಚಟ್ನಿ ಆಗಲೇ ನುಣ್ಣಗಾಗಿತ್ತು, ಆದರೂ ಮಿಕ್ಸಿ ಹಾಕಿ, ಬಟನ್ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದೆ. ನಿನ್ನೆ ಅದನ್ನು ಅವಳಿಗೆ ಹೇಳಿದೆ. ನನಗೆ ನಾಚಿಕೆಯಾಗುತ್ತದೆ ಅತಿಶಯ್. ಪ್ರತಿ ಸಲ ಬಸ್ ಹತ್ತಿಸುವಾಗ ಮುಂದಿನ ಸಿನಿಮಾ ಯಾವತ್ತು ಅಂತ ಹೇಳಿ ಕಳಿಸುತ್ತಿದ್ದಳು. ನಿನ್ನೆ ಹೇಳಲಿಲ್ಲ. ಕೇಳಲು ನನಗೆ ಮುಖವಿರಲಿಲ್ಲ.