ಅಂಗೈಯಲ್ಲಿ ಮಾಮ್‌ಸಿ

ಅಕ್ಕಾ,

ಈ ದೂರದೇಶದ ರೆಂಟನ್ನಿನಲ್ಲಿ ನವ್ಯಾಳ ಮನೆಯಲ್ಲಿ ಸುಖವಾಗಿದ್ದೇನೆ. ಹಳೆಯ ಇಂಗ್ಲಿಷ್ ನಾಟಕಗಳಲ್ಲಿ ಬರುವ ಗ್ರೀಸಿನ ಸಿಹಿ ವೈನ್ ಮಾಮ್‌ಸಿಯನ್ನು ನಾವಿಬ್ಬರೂ ಕಣ್ಣಲ್ಲಿ ಕಾಣದೆಯೇ ಕಾಲೇಜಿನಲ್ಲಿ ಪಾಠ ಮಾಡಿದೆವಲ್ಲ, ಅದು ನಿನ್ನೆ ಯೂನಿವರ್ಸಿಟಿ ಡಿಸ್ಟ್ರಿಕ್ಟಿನ ಅಂಗಡಿಯೊಂದರಲ್ಲಿ ಸಿಕ್ಕಿತು. ರುಚಿ ನೋಡಿ ಎಂದು ಅಂಗಡಿಯಾಕೆ ಬಾಟಲಿ ಬಗ್ಗಿಸಿದಾಗ, ನಾನು ಲೋಟ ತೆಗೆದುಕೊಳ್ಳದೆ ತೀರ್ಥಕ್ಕೆ ಒಡ್ಡುವ ಹಾಗೆ ಬಲಗೈ ಒಡ್ಡಿಬಿಟ್ಟೆ. ಆಕೆ ನಗದೆ ಅಂಗೈಗೇ ಸುರಿದಳು. ಕುಡಿದು, ಒದ್ದೆ ಕೈಯನ್ನು ತಲೆಗೂ ಸವರಿಕೊಂಡೆ.

“ಅಮ್ಮಾ, ಪ್ಲೀಸ್, ಎಲ್ಲರೂ ನೋಡ್ತಿದಾರೆ,” ಎಂದಳು ನವ್ಯಾ.

ನೀನು ಕ್ಲಾಸಿನಲ್ಲಿ ಊಹಿಸಿ ಹೇಳುತ್ತಿದ್ದೆಯಲ್ಲ, ಥೇಟ್ ನಮ್ಮ ಬೆಲ್ಲದ ಪಾನಕವೇ. ಶುಗರ್ ಹತೋಟಿಯಲ್ಲಿದೆ, ಗಾಬರಿಯಾಗಬೇಡ. ನಿನಗೂ ಒಂದು ಬಾಟಲಿ ತರುತ್ತಿದ್ದೇನೆ. ಭಾವ ಕೇಳಿದರೆ ತೀರ್ಥ ಅನ್ನು. ಕೈ ಒಡ್ಡಿದರೆ ಅವರಿಗೂ ಹಾಕು.

ನಿನ್ನ ವಾರಿಜಾ